ಬಿಚ್ಚಿ ಕಟ್ಟುವ ಗಂಟು

ರೈಲು ಸಾಗಾ ನಿಲ್ದಾಣ ಬಿಟ್ಟು ಅರ್ಧ ಗಂಟೆಯಾದ ಮೇಲೆ ಕಿನುಯೊ ಕೈಚೀಲದಿಂದ ಅತ್ತೆ ಹಣವಿಟ್ಟು ಕೊಟ್ಟ ಲಕೋಟೆಯನ್ನು ತೆಗೆದು ನೋಡಿದಳು. ನೋಡಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಲಕೋಟೆಯ ಮೇಲಿನ ಕೆಂಪು ಬಿಳಿ ದಾರದ ಗಂಟು ಒಂದು ತುದಿ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುವಂಥದ್ದು.

ಆಸ್ಪತ್ರೆಗೆ ಹೊರಟವರಿಗೆ ಯಾರಾದರೂ ಇಂಥ ಗಂಟು ಕೊಡುತ್ತಾರೆಯೇ? ಮಗು ಹುಟ್ಟಿದರೆ, ಹೊಸ ಮನೆ ಹೊಕ್ಕರೆ ಬಿಚ್ಚುವ ಗಂಟು. ಅಂಥದ್ದು ಮತ್ತೆ ಮತ್ತೆ ಬರಲಿ ಎಂದು. ಕಾಯಿಲೆಗಾದರೆ ಬಿಗಿಗಂಟು, ಇದೊಂದೇ ಸಲಕ್ಕೆ ಮುಗಿಯಲಿ ಎಂದು. ಇದು ಎಂಟು ವರ್ಷದ ಹುಡುಗಿಗೂ ಗೊತ್ತು. ಅಂಥದ್ದರಲ್ಲಿ ಕೊಟ್ಟವರು ಯಾರು? ಕೇರಿಯವರೆಲ್ಲ ತೊಕಿ ಅಜ್ಜಿ ಎಂದು ಕರೆಯುವ ಅತ್ತೆ. ಯಾರ ಮನೆಯಲ್ಲಿ ಏನೇ ಆಗಲಿ, ಯಾವ ಲಕೋಟೆ, ಯಾವ ದಾರ ಎಂದು ಇಡೀ ಕೇರಿ ಬಂದು ಕೇಳುವುದು ಅವರನ್ನೇ. ಹಾಸಿಗೆ ಹಿಡಿದು ನಾಲ್ಕು ವರ್ಷವಾದರೂ ತಲೆದಿಂಬಿನ ಪಕ್ಕದ ಡ್ರಾಯರಿನಲ್ಲಿ ಬಗೆಬಗೆಯ ಲಕೋಟೆಗಳನ್ನು ವಿಂಗಡಿಸಿ ಇಟ್ಟುಕೊಂಡವರು ಅವರು. ಅವರು ತಪ್ಪುವುದುಂಟೇ? ನಿನ್ನ ಕಾಯಿಲೆ ಮತ್ತೆ ಮತ್ತೆ ಬರಲಿ ಎಂದು ಹರಸಿಯೇ ಕೊಟ್ಟಿದ್ದಾರೆ ಎಂದುಕೊಂಡಳು ಕಿನುಯೊ. ಒಡೆದು ನೋಡುವ ಮನಸ್ಸೂ ಬರಲಿಲ್ಲ. ಚೀಲದ ತಳಕ್ಕೆ ತುರುಕಿದಳು.

ಅಸಲಿಗೆ ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದ್ದದ್ದು ದಣಿವು. ಐವತ್ತಾರು ವರ್ಷಕ್ಕೆ ಮೂಳೆಯೊಳಗೆ ಇಳಿದು ಕೂತ ದಣಿವು. ಗಂಡ ತೆಯಿಜಿಗೆ ಒಸಾಕಾದಲ್ಲಿ ಕೆಲಸ, ತಿಂಗಳಿಗೆರಡು ಸಲ ಬಂದು ಅಮ್ಮನ ಕೈ ಹಿಡಿದು ಕೂತು, ಮಗನ ಕರ್ತವ್ಯ ಮುಗಿಸಿಕೊಂಡು ಹೋಗುತ್ತಾನೆ. ಅತ್ತೆಯನ್ನು ಹೊರಳಿಸುವುದು, ಒರೆಸುವುದು, ಉಣ್ಣಿಸುವುದು ಎಲ್ಲ ಕಿನುಯೊಳದು. ತಿಂಗಳ ಹಿಂದೆ ಗಂಡನ ಅಕ್ಕ ಸುಮಾಕೊಗೆ ಫೋನ್ ಮಾಡಿ, ಎರಡು ದಿನ ಬಂದು ಅತ್ತೆಯನ್ನು ನೋಡಿಕೊಳ್ಳುತ್ತೀರಾ, ಎಲ್ಲಾದರೂ ಹೋಗಿಬರುತ್ತೇನೆ ಎಂದು ಕೇಳಿದ್ದಳು. ನಿವೃತ್ತ ಮೇಡಂ ಸುಮಾಕೊ ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದ್ದರು: "ಎಲ್ಲಾದ್ರೂ ಅಂದ್ರೆ ಎಲ್ಲಿ? ಹಾಸಿಗೆ ಹಿಡಿದೋರನ್ನ ಬಿಟ್ಟು ಊರು ಸುತ್ತೋದಕ್ಕಾ?"

ಹದಿನೈದು ದಿನ ಬಿಟ್ಟು ಕಿನುಯೊ ಮತ್ತೆ ಫೋನ್ ಮಾಡಿದಳು. ಎದೆಯಲ್ಲಿ ಏನೋ ಆಗುತ್ತಿದೆ, ಫುಕುವೊಕಾದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಮೈಯೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು ಎಂದಳು. ಸುಮಾಕೊ ಮರುಮಾತಿಲ್ಲದೆ ಒಪ್ಪಿದರು. ಹಾಗಾಗಿ ಈ ನಾಗಸಾಕಿ ಯಾತ್ರೆ ಒಂದು ನರಪಿಳ್ಳೆಗೂ ತಿಳಿಯಬಾರದು. ತಿಳಿದರೆ ಸುಮಾಕೊ ಇನ್ನು ಆ ಹೊಸಿಲು ತುಳಿಯುವುದಿಲ್ಲ, ಕಿನುಯೊಳಿಗೆ ಇನ್ನು ಒಂದು ಮಧ್ಯಾಹ್ನದ ಬಿಡುವೂ ಸಿಕ್ಕುವುದಿಲ್ಲ. ಫೋಟೋ ತೆಗೆಯಬಾರದು, ಏನನ್ನೂ ಕೊಂಡು ಮನೆಗೆ ಒಯ್ಯಬಾರದು ಎಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡಿದ್ದಳು.

ಅಂದು ಬೆಳಿಗ್ಗೆ ಎಂದಿನಂತೆ ಅತ್ತೆಯ ಹಾಸಿಗೆಯ ಪಕ್ಕದಲ್ಲೇ ಕೂತು, ಅವರಿಗೊಂದು ಚಮಚ ಗಂಜಿ, ತನಗೊಂದು ತುತ್ತು ಅನ್ನ ಎಂಬಂತೆ ಉಂಡು ಮುಗಿಸಿದ್ದಳು. ಮಿಸೊ ಸಾರನ್ನು ಎರಡನೇ ಸಲ ಹಾಕಿಕೊಂಡಿದ್ದಳು. ಆಮೇಲೆ ಸುಮಾಕೊ ಬಂದರು. ಹೊರಡುವಾಗ ಅತ್ತೆ ಇನ್ನೂ ಆಡುತ್ತಿದ್ದ ಎಡಗೈಯಲ್ಲಿ ಲಕೋಟೆ ಚಾಚಿ, ಹುಷಾರು ಎಂದಷ್ಟೇ ಹೇಳಿದ್ದರು.

ನಾಗಸಾಕಿಯಲ್ಲಿ ಮೋಡ ಕವಿದಿತ್ತು. ಕಿನುಯೊ ಟ್ರಾಮ್ ಹತ್ತಿದಳು, ಇಳಿದಳು, ಕಲ್ಲುಹಾಸಿನ ಏರು ಹತ್ತಿದಳು. ಹಳೆಯ ಕಾಲದ ಪರದೇಶಿ ವರ್ತಕರ ಮನೆಗಳನ್ನು ನೋಡಿದಳು. ನೋಡಿದಳು ಎನ್ನುವುದಕ್ಕಿಂತ ಮುಗಿಸಿದಳು ಎಂದರೆ ಸರಿ. ಮನೆಯಲ್ಲಿ ಬಟ್ಟೆ ಒಗೆದಾಯಿತು, ಪಾತ್ರೆಯಾಯಿತು ಎನ್ನುವ ಹಾಗೆ ಇಲ್ಲಿ ಬೆಟ್ಟವಾಯಿತು, ತೋಟವಾಯಿತು, ಚರ್ಚು ಆಯಿತು. ಈ ಊರನ್ನು ಕಟ್ಟಿದವರಿಗೆ ಸಮತಟ್ಟು ನೆಲ ಕಂಡರೆ ಆಗುತ್ತಿರಲಿಲ್ಲವೋ ಏನೋ, ಎತ್ತ ತಿರುಗಿದರೂ ಮೆಟ್ಟಿಲು. ಹನ್ನೊಂದು ಗಂಟೆಯಾಗುತ್ತಲೇ ಅವಳ ಕೈಗಳು ತಾವಾಗಿ ಚಡಪಡಿಸಿದವು. ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸುವ ಹೊತ್ತು ಅದು. ಎದುರಿಗೆ ಹಡಗು ನಿಲ್ಲುವ ಬಂದರು ಚೆಲುವಾಗಿ ಹರಡಿಕೊಂಡಿತ್ತು, ಇವಳಿಗೆ ಕಂಡದ್ದು ಬೆಂಚು.

ಮಧ್ಯಾಹ್ನ ಒಂದು ಹಳೆಯ ಹೋಟೆಲಿನಲ್ಲಿ ಆ ಊರಿನ ಹೆಸರಾದ ತಟ್ಟೆಯೂಟ ಹೇಳಿದಳು. ಒಂದೇ ತಟ್ಟೆಯಲ್ಲಿ ಮಸಾಲೆ ಅನ್ನ, ಸ್ಪಗೆಟಿ, ಮೇಲೆ ಹಂದಿಮಾಂಸದ ಕಟ್ಲೆಟ್. ಯಾರಿಗೂ ಬಡಿಸದೆ, ಬಿಸಿಬಿಸಿಯಾಗಿ, ತನ್ನೊಬ್ಬಳಿಗೇ ಬಂದ ತಟ್ಟೆ. ಬಡಿಸಿದ ಹೆಂಗಸು ನೀರು ತುಂಬಲು ಬಂದು, ಮಗು ಬರಲಿದೆಯೇ, ಚಿಕ್ಕ ಚಮಚ ತರಲೇ ಎಂದು ಕೇಳಿದಳು. ಕಿನುಯೊ ತಟ್ಟೆ ನೋಡಿಕೊಂಡಳು. ಇಡೀ ಕಟ್ಲೆಟ್ಟನ್ನು ಬೆರಳುಗುರಿನಷ್ಟು ಚೂರು ಮಾಡಿ, ಆರಲೆಂದು ಹರಡಿಟ್ಟಿದ್ದಳು. ಆ ಕ್ಷಣದಲ್ಲಿ ಅವಳಿಗೆ ಅಳು ಬಂತು. ಅಳುವುದಕ್ಕೂ ಸುಸ್ತು ಎನಿಸಿ, ಚೂರುಗಳನ್ನು ಒಂದೊಂದಾಗಿ ತಿಂದಳು.

ಸಂಜೆ ಬೆಟ್ಟದ ಮೇಲೆ ಹೋಗಿ ಊರಿನ ದೀಪಗಳನ್ನು ನೋಡಬೇಕೆಂದಿದ್ದಳು. ತಂಗಿದ ಮನೆಯ ಒಡತಿ, ಇಸಾಯೊ ಎನ್ನುವ ಬಾಯಿಬಡುಕಿ ಹೆಂಗಸು, ನೋಡದೆ ಹೋದರೆ ನಾಗಸಾಕಿಗೆ ಬಂದೇ ಇಲ್ಲವೆಂದು ಲೆಕ್ಕ ಎಂದಳು. ಹಾಗಾದರೆ ಒಳ್ಳೆಯದೇ ಆಯಿತು, ನಾನು ಬಂದೇ ಇಲ್ಲ ಎಂದುಕೊಂಡ ಕಿನುಯೊ ಆರೂವರೆಗೆ ಹಾಸಿಗೆ ಬಿಡಿಸಿ ಮಲಗಿದವಳು ಎದ್ದದ್ದು ಮರುದಿನ ಬೆಳಿಗ್ಗೆ ಏಳಕ್ಕೆ. ಎಷ್ಟೋ ವರ್ಷಗಳ ಮೇಲೆ ಹಾಗೆ ಮಲಗಿದ್ದು. ಇಡೀ ಪ್ರವಾಸದಲ್ಲಿ ಅವಳು ಮನಸಾರೆ ಸುಖಪಟ್ಟದ್ದು ಅದೊಂದನ್ನೇ.

ಎರಡನೇ ದಿನ ಚೀಲವನ್ನು ಇಸಾಯೊಳ ಹತ್ತಿರ ಬಿಟ್ಟು, ನದಿಯ ಮೇಲಿನ ಜೋಡಿ ಕಮಾನಿನ ಸೇತುವೆ ನೋಡಿ, ಅಂಗಡಿ ಬೀದಿಗೆ ಬಂದಳು. ಸುಮ್ಮನೆ ಕಣ್ಣಾಡಿಸಲಿಕ್ಕೆ. ಕಾಸ್ತೆಲಾ ಎಂಬ ಸ್ಪಂಜು ಕೇಕಿನ ಅಂಗಡಿಯೊಂದರಿಂದ ಮೊಟ್ಟೆ, ಸಕ್ಕರೆ ಬೇಯುವ ವಾಸನೆ ಬಂತು. ಒಳಗೆ ಹೋದಳು. ಹುಡುಗಿ ಒಂದು ತುಂಡು ರುಚಿಗೆ ಕೊಟ್ಟಳು. ತಳದಲ್ಲಿ ಕರಗದೆ ಉಳಿದ ಸಕ್ಕರೆ ಹರಳು ಹಲ್ಲಿಗೆ ಸಿಕ್ಕಿ ಕರುಂ ಎಂದಿತು. ಅತ್ತೆಗೆ ಈ ಹರಳೆಂದರೆ ಪ್ರಾಣ. ಮೇಲಿನದನ್ನು ಯಾರಿಗಾದರೂ ಕೊಟ್ಟು ತಳ ಮಾತ್ರ ತಾವು ಇಟ್ಟುಕೊಳ್ಳುವ ಜಾತಿ ಅವರು.

ಹುಡುಗಿ ಏನು ಬೇಕೆಂದಳು, ಇವಳು ಏನು ತೋರಿಸಿದಳು ಎನ್ನುವುದು ಅವಳಿಗೇ ನೆನಪಿಲ್ಲ. ನೆನಪಿರುವುದು ಕೊನೆಯ ಪ್ರಶ್ನೆ ಮಾತ್ರ.

"ಹಂಚೋದಕ್ಕೆ ಚಿಕ್ಕ ಚೀಲ ಎಷ್ಟು ಹಾಕ್ಲಿ ಅಮ್ಮಾ?"

"ಏಳು," ಎಂದಳು ಕಿನುಯೊ.

ಯೋಚಿಸಿ ಹೇಳಿದ್ದಲ್ಲ. ವರ್ಷಗಟ್ಟಲೆ ಹೇಳಿ ಹೇಳಿ ನಾಲಗೆಗೆ ಬಾಯಿಪಾಠವಾದದ್ದು. ಅತ್ತೆಗೊಂದು, ಅತ್ತಿಗೆಗೊಂದು, ಎಡಮನೆ, ಬಲಮನೆ, ಎದುರುಮನೆ, ಅತ್ತೆಗೆ ಸ್ನಾನ ಮಾಡಿಸಲು ಬರುವ ನರ್ಸ್, ಕೇರಿ ಸಂಘದ ಮುಖ್ಯಸ್ಥೆ. ಈ ದೇಶದಲ್ಲಿ ಹುಟ್ಟಿದವಳು ಊರು ಬಿಟ್ಟು ಹೋಗಿ ಬರಿಗೈಯಲ್ಲಿ ಬರುವುದೆಂದರೆ ಚಪ್ಪಲಿ ಹಾಕಿಕೊಂಡೇ ಮನೆಯೊಳಗೆ ನಡೆದ ಹಾಗೆ. ಬೀದಿಗೆ ಬಂದು ಹತ್ತು ಹೆಜ್ಜೆ ನಡೆದ ಮೇಲೆ ಕೈ ಭಾರವಾಗಿರುವುದು ಅರಿವಿಗೆ ಬಂತು. ನಾಗಸಾಕಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾದ ಏಳು ಡಬ್ಬಿ. ಫುಕುವೊಕಾದ ಆಸ್ಪತ್ರೆಯಿಂದ!

ಅಲ್ಲೇ ಒಂದು ಬೆಂಚಿನ ಮೇಲೆ ಕುಸಿದು ಕೂತಳು. ತನ್ನ ಪೆದ್ದುತನಕ್ಕೆ ನಗು ಬರಬೇಕಿತ್ತು, ಬರಲಿಲ್ಲ. ಎರಡು ದಿನದ ಸುಳ್ಳನ್ನು ಕಾಪಾಡಿಕೊಳ್ಳುವಷ್ಟು ಬುದ್ಧಿಯೂ ಉಳಿದಿಲ್ಲವಲ್ಲ ಎಂದು ಬೇಸರವಾಯಿತು. ಅತ್ತೆಗೆ ಒಂದಾದರೂ ಬಟ್ಟೆಯ ನಡುವೆ ಅಡಗಿಸಿ ಒಯ್ಯಲೇ ಎಂದು ಯೋಚಿಸಿದಳು. ಆಗ ಲಕೋಟೆಯ ಗಂಟು ಕಣ್ಣ ಮುಂದೆ ಬಂತು. ಕಾಯಿಲೆ ಮರುಕಳಿಸಲಿ ಎಂದವರಿಗೆ ಕಾಸ್ತೆಲಾ ಬೇರೆ ಕೇಡು ಎಂದು ಎದ್ದಳು.

ಏಳೂ ಡಬ್ಬಿಗಳನ್ನು ಇಸಾಯೊಳ ಮುಂದೆ ಇಟ್ಟು, ಭಾರ ಹೊರಲಾರೆ, ನೀವೇ ಇಟ್ಟುಕೊಳ್ಳಿ ಎಂದಳು. ಇಸಾಯೊ ಮೂರು ಸಲ ಬೇಡವೆಂದು, ನಾಲ್ಕನೆಯದಕ್ಕೆ ಒಪ್ಪಿ, ಕೊಟ್ಟವರನ್ನು ಬರಿಗೈಯಲ್ಲಿ ಕಳಿಸುವುದುಂಟೇ ಎಂದು ಒಳಗೆ ಓಡಿ ಒಂದು ಚೀಲ ಕಿತ್ತಳೆ ತಂದು ಹೇರಿದಳು. ಡಬ್ಬಿಯಷ್ಟೇ ಭಾರ. ಸದ್ಯ, ಕಿತ್ತಳೆಗೆ ಊರಿನ ಹೆಸರು ಅಚ್ಚಾಗಿರುವುದಿಲ್ಲ.

ಸಂಜೆ ಮನೆ ಸೇರಿದಾಗ ಸುಮಾಕೊ ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಎರಡೇ ದಿನಕ್ಕೆ ಕೂದಲು ಕೆದರಿ, ಕಣ್ಣ ಕೆಳಗೆ ಕಪ್ಪಾಗಿತ್ತು. ಕಿತ್ತಳೆ ಎಲ್ಲಿಯದೆಂದು ಕೇಳಿದರು. ಪಕ್ಕದ ಹಾಸಿಗೆಯ ಅಜ್ಜಿ ಕೊಟ್ಟದ್ದು ಎಂದಳು ಕಿನುಯೊ. ವರದಿ ಏನಾಯಿತೆಂದು ಕೇಳಿದರು. ಅಂಚೆಯಲ್ಲಿ ಬರುತ್ತದೆ, ಗಾಬರಿಪಡುವಂಥದ್ದೇನೂ ಇಲ್ಲವಂತೆ ಎಂದಳು. ಸುಮಾಕೊ ಅವಳ ಮುಖವನ್ನೇ ನೋಡಿ, "ಹೋಗುವಾಗ ಇದ್ದದ್ದಕ್ಕಿಂತ ಬಾಡಿ ಬಂದಿದ್ದೀಯಲ್ಲೇ," ಎಂದರು. ಅದರಲ್ಲಿ ಕೊಂಕಿರಲಿಲ್ಲ. ಹೊಸಿಲು ದಾಟುವಾಗ ಸೊಂಟ ಹಿಡಿದುಕೊಂಡು, ಅಮ್ಮನನ್ನು ದಿನಾ ಹೇಗೆ ಎತ್ತುತ್ತೀಯೋ ತಾಯಿ ಎಂದು ಗೊಣಗಿಕೊಂಡು ಹೋದರು.

ಕಿನುಯೊ ಅತ್ತೆಯನ್ನು ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟಳು. ತೊಕಿ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಎಲ್ಲಿಗೆ ಹೋಗಿದ್ದೆ?"

"ಆಸ್ಪತ್ರೆಗೆ, ಅತ್ತೆ."

"ತಪಾಸಣೆಗೆ ಹೋಗೋರು ಹಿಂದಿನ ರಾತ್ರಿಯಿಂದ ನೀರು ಬಿಟ್ಟು ಏನೂ ಮುಟ್ಟಬಾರದು. ನೀನು ಬೆಳಿಗ್ಗೆ ನನ್ನ ಪಕ್ಕದಲ್ಲೇ ಕೂತು ಒಂದು ಬಟ್ಟಲು ಅನ್ನ, ಎರಡು ಸಲ ಸಾರು ಹೊಡೆದೆ. ನನ್ನ ಕೈ ಹೋಗಿದೆ, ಕಣ್ಣು ಹೋಗಿಲ್ಲ."

ಕಿನುಯೊ ಕೈಯಲ್ಲಿದ್ದ ಹೊದಿಕೆಯನ್ನು ಹಾಗೇ ಹಿಡಿದು ನಿಂತಳು. ಹೇಳಿಬಿಟ್ಟಿರಾ ಸುಮಾಕೊ ಅತ್ತಿಗೆಗೆ ಎಂದು ಕೇಳಿದಳು.

"ಅವಳಿಗ್ಯಾಕೆ? ಹೇಳಿದ್ರೆ ಇನ್ನೊಂದ್ಸಲ ಬರ್ತಾಳಾ?" ಅಜ್ಜಿ ಕಣ್ಣು ತೆರೆದರು. "ಲಕೋಟೆ ನೋಡಿದ್ಯಲ್ಲ. ಗಂಟು ನೋಡ್ಲಿಲ್ವಾ?"

"ನೋಡಿದೆ." ಅದುಮಿಟ್ಟದ್ದೆಲ್ಲ ಒಮ್ಮೆಲೇ ಆಚೆ ಬಂತು. "ನನಗೆ ಕಾಯಿಲೆ ಮತ್ತೆ ಮತ್ತೆ ಬರ್ಲಿ ಅಂತ ಕೊಟ್ರಿ ಅಂದ್ಕೊಂಡೆ."

ಸಿಟ್ಟಿಗಿಂತ ಹೆಚ್ಚಾಗಿ ಅಜ್ಜಿಗೆ ನೋವಾಯಿತು. ಎಂಬತ್ತಾರು ವರ್ಷದಲ್ಲಿ ಅವರ ಲಕೋಟೆಯನ್ನು ಯಾರೂ ಹೀಗೆ ಓದಿರಲಿಲ್ಲ.

"ಮೂವತ್ತು ವರ್ಷ ಈ ಮನೇಲಿದ್ದು ಇಷ್ಟೇನಾ ನನ್ನನ್ನ ತಿಳಿದದ್ದು? ಪ್ರವಾಸಕ್ಕೆ ಹೊರಟೋರಿಗೆ ಕೊಡೋದು ಕಣೇ ಅದು. ಹೋಗಿ ಬಾ, ಬಂದು ಮತ್ತೆ ಹೋಗು ಅಂತ. ಎಡಗೈಲಿ ಆ ಡ್ರಾಯರಿಂದ ಹುಡುಕಿ ತೆಗೆಯೋ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು."

ಕಿನುಯೊ ಹಾಸಿಗೆಯ ಪಕ್ಕ ಕೂತುಬಿಟ್ಟಳು. ಹೌದಲ್ಲ, ಪ್ರವಾಸ. ಆಸ್ಪತ್ರೆ ಎಂಬ ಸುಳ್ಳನ್ನು ಊರಿಗೆಲ್ಲ ಹೇಳುತ್ತ ಹೇಳುತ್ತ ತಾನೇ ಅದನ್ನು ನಂಬಿ, ಆ ಕಣ್ಣಿನಿಂದಲೇ ಗಂಟನ್ನು ನೋಡಿದ್ದಳು. ಸುಳ್ಳು ಹೇಳಿದ್ದಕ್ಕೆ ಅವಳಿಗೆ ಅಷ್ಟು ನಾಚಿಕೆಯಾಗಲಿಲ್ಲ. ಅತ್ತೆಯ ಪಾಲಿನ ಡಬ್ಬಿಯನ್ನು ಗುರುತಿಲ್ಲದವರಿಗೆ ಕೊಟ್ಟು ಬಂದದ್ದಕ್ಕೆ ತಲೆ ಎತ್ತಲಾಗಲಿಲ್ಲ.

ಬಾಯಿ ಒಣಗಿದೆ, ಆ ಕಿತ್ತಳೆಯಾದರೂ ಸುಲಿ ಎಂದರು ಅಜ್ಜಿ. ಕಿನುಯೊ ಚೀಲದೊಳಗೆ ಕೈ ಹಾಕಿ ಎಳೆದಳು. ಕಿತ್ತಳೆಯ ಜೊತೆಗೆ ಮಡಿಸಿದ ಕಾಗದದ ಚೀಲಗಳು ಹೊರಬಂದು ಹೊದಿಕೆಯ ಮೇಲೆ ಬಿದ್ದವು. ಏಳು ಚಿಕ್ಕ ಚೀಲ, ಖಾಲಿ. ಡಬ್ಬಿಗಳನ್ನು ಕೊಟ್ಟಿದ್ದಳು, ಕೈಯಲ್ಲಿ ಉಳಿದ ಇವನ್ನು ಗಮನಿಸದೆ ಕಿತ್ತಳೆಯ ಚೀಲಕ್ಕೆ ತುರುಕಿ ಮರೆತಿದ್ದಳು. ಒಂದೊಂದರ ಮೇಲೂ ನಾಗಸಾಕಿ ಎಂದಿತ್ತು. ಸುಮಾಕೊ ಹತ್ತು ನಿಮಿಷ ತಡವಾಗಿ ಹೊರಟಿದ್ದರೆ ಅವರೆದುರೇ ಬೀಳುತ್ತಿದ್ದವು.

ಅಜ್ಜಿ ಎಡಗೈಯಿಂದ ಒಂದನ್ನು ಎತ್ತಿಕೊಂಡು, ಕಣ್ಣ ಹತ್ತಿರ ತಂದು ಓದಿದರು. ಆಮೇಲೆ ಮೂಗಿನ ಹತ್ತಿರ ತಂದರು. ಕಾಗದದಲ್ಲಿ ಇನ್ನೂ ಸಕ್ಕರೆಯ ವಾಸನೆ ಇದ್ದಿರಬೇಕು. ಕಿನುಯೊ ತಲೆ ತಗ್ಗಿಸಿಕೊಂಡೇ ನಡೆದದ್ದೆಲ್ಲವನ್ನೂ ಹೇಳಿದಳು. ಏಳು ಎಂದು ಬಾಯಿ ತಪ್ಪಿ ಬಂದದ್ದು, ಗಂಟಿನ ಸಿಟ್ಟಿಗೆ ಅತ್ತೆಯದನ್ನೂ ಸೇರಿಸಿ ಕೊಟ್ಟದ್ದು, ಕಟ್ಲೆಟ್ಟನ್ನು ಚೂರು ಮಾಡಿ ಆರಿಸಿದ್ದು. ಕಟ್ಲೆಟ್ಟಿನ ಮಾತಿಗೆ ಅಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಆಮೇಲೆ ಲಕೋಟೆ ಎಲ್ಲಿ ಎಂದು ಕೇಳಿದರು. ಕಿನುಯೊ ಚೀಲದ ತಳದಿಂದ ತೆಗೆದಳು. ಮುದುರಿತ್ತು, ಗಂಟು ಮಾತ್ರ ಹಾಗೇ ಇತ್ತು. ಒಡೆಯದೆ ತಂದದ್ದನ್ನು ಕಂಡು ಅಜ್ಜಿ ಅದನ್ನು ಇಸಿದುಕೊಂಡು, ಡ್ರಾಯರು ತೆಗೆ ಎಂದರು. ಮುದುರಿದ್ದನ್ನು ಎದೆಯ ಮೇಲಿಟ್ಟು ಅಂಗೈಯಿಂದ ಸವರಿ ಸವರಿ ನೆಟ್ಟಗೆ ಮಾಡಿ, ಎಲ್ಲಕ್ಕಿಂತ ಮೇಲೆ ಇಡಿಸಿದರು.

"ಮೇ ತಿಂಗಳಲ್ಲಿ ಹೋಗು," ಎಂದರು. "ಚಳಿ ಇರಲ್ಲ. ಸುಮಾಕೊಗೆ ನಾನೇ ಹೇಳ್ತೀನಿ, ವರದಿಯಲ್ಲಿ ಇನ್ನೊಂದ್ಸಲ ಬರೋಕೆ ಹೇಳಿದ್ದಾರೆ ಅಂತ."

ಕಿನುಯೊ ಕಿತ್ತಳೆಯ ತೊಳೆಯ ಮೇಲಿನ ನಾರು ಬಿಡಿಸಿ, ಬೀಜ ತೆಗೆದು, ಅತ್ತೆಯ ಬಾಯಿಗಿಟ್ಟಳು. ಅಜ್ಜಿ ನಿಧಾನವಾಗಿ ಅಗಿದು ನುಂಗಿದರು. ಕೈಯಲ್ಲಿದ್ದ ಚೀಲವನ್ನು ಮಾತ್ರ ಬಿಡಲಿಲ್ಲ.

"ಆಗ ಅಂಗಡಿಯವಳು ಕೇಳಿದ್ರೆ ಏಳು ಅನ್ಬೇಡ. ಒಂದು ಅನ್ನು."