ನೂರಕ್ಕೆ ನೂರು

"ಹೆಬ್ಬೆಟ್ಟು ಒತ್ತೋಕೂ ನಿಂಗೆ ಪಾಠ ಹೇಳ್ಕೊಡ್ಬೇಕೇನೇ? ಒತ್ತಿ ನಡಿ ಅತ್ಲಾಗೆ!"

ಹೆಡ್‌ಮಾಸ್ತರರು ಶಾಯಿಯ ಪ್ಯಾಡನ್ನೂ ಹೆಬ್ಬೆಟ್ಟುಗಳು ಸಾಲಾಗಿ ಬಿದ್ದಿದ್ದ ಹಾಳೆಯನ್ನೂ ಮೇಜಿನ ಈಚೆಗೆ ತಳ್ಳಿದರು. ಬೀದಿ ಗುಡಿಸುವವಳು ಅಲ್ಲಾಡಲಿಲ್ಲ. ಜಡ್ಡುಗಟ್ಟಿದ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಅವಳ ಹಿಂದೆ ತಾಯಿತಂದೆಯರ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಕಿಟಕಿಯ ಬಳಿ ತನಿಖೆಗೆ ಬಂದ ಸಾಹೇಬರು ಚಹಾಕ್ಕೆ ಬಿಸ್ಕತ್ತು ಅದ್ದಿಕೊಳ್ಳುತ್ತಿದ್ದರು.

"ಇದ್ರಲ್ಲಿ ಏನ್ ಬರ್ದಿದೀರಿ ಸ್ವಾಮಿ?"

"ನಿನ್ ಮಗಳಿಗೆ ಓದೋಕೆ, ಕೂಡೋಕೆ, ಕಳಿಯೋಕೆ ಬರುತ್ತೆ ಅಂತ. ಐದನೇ ಕ್ಲಾಸಲ್ವಾ?"

ಮಗಳು ಪುಸ್ತಕ ತೆರೆದು ಗಡಗಡ ಓದುತ್ತಿದ್ದರೆ ಒಲೆ ಊದುವುದನ್ನೂ ಮರೆತು ಕೇಳಿದವಳು ಅವಳು. ಹೋದ ತಿಂಗಳು ಗುಡಿಸಲ ಬಾಗಿಲಿಗೆ ಯಾರೋ ಚೀಟಿ ಅಂಟಿಸಿ ಹೋಗಿದ್ದರು. "ಏನಂತೆ ಮಗಾ?" ಎಂದರೆ, ಮಗಳು ಬೆರಳಾಡಿಸಿ, "ಪೋಲಿಯೋ ಹನಿ ಹಾಕ್ತಾರಂತೆ ಕಣವ್ವಾ" ಎಂದಳು. ನಾಲ್ಕನೇ ದಿನ ಬಂದದ್ದು ಬುಲ್ಡೋಜರ್. ಪಾತ್ರೆಪಗಡ ಹೊರಗೆಳೆದುಕೊಳ್ಳಲೂ ಪುರುಸೊತ್ತಾಗಲಿಲ್ಲ. ಮುರಿದ ತಡಿಕೆಯ ಮೇಲೆ ಕೂತು ಮಗಳು ಆಗ ಬಾಯಿಬಿಟ್ಟಳು: ಓದಿದ್ದೆಲ್ಲ ಬಾಯಿಪಾಠ, ಅಕ್ಷರ ಒಂದೂ ಗೊತ್ತಿಲ್ಲ.

"ಮೇಷ್ಟ್ರಿಗೆ ಹೇಳ್ಬಾರ್ದಿತ್ತೇನೇ?"

"ಗೊತ್ತಿಲ್ಲ ಅಂದೋರ್ನ ಕಕ್ಕಸು ತೊಳಿಯೋಕೆ ಕಳಿಸ್ತಾರವ್ವಾ."

ಈಗ ಅವಳು ಮೇಜಿನ ಮುಂದೆ ಗಟ್ಟಿಯಾಗಿ ಹೇಳಿದಳು: "ನನ್ ಮಗಳಿಗೆ ಓದೋಕೆ ಬರಲ್ಲ."

ಹೆಡ್‌ಮಾಸ್ತರರು ಸಾಹೇಬರತ್ತ ಹಲ್ಲುಗಿಂಜಿದರು. "ಕಸ ಬಳಿಯೋ ಮುಂಡೇದಕ್ಕೆ ಏನ್ ತಿಳಿಯುತ್ತೆ ಸಾರ್. ಇವಳ ಮಗಳ ತಲೇಲಿ ಬರೀ ಸಗಣಿ."

"ಐದು ವರ್ಷ ನಿಮ್ ಕೈಲೇ ಇತ್ತಲ್ಲ ಆ ತಲೆ. ತುಂಬಿದೋರ್ಯಾರು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ಲೋಟ ಕೆಳಗಿಟ್ಟರು. "ನೋಡಮ್ಮ, ಈ ಶಾಲೆ ನೂರಕ್ಕೆ ನೂರು ಅಂತ ವರದಿ ಆಗ್ಲೇ ಮೇಲಕ್ಕೆ ಹೋಗಿದೆ. ನೀನೊಬ್ಳು ತಕರಾರು ತೆಗೀಬೇಡ."

"ಹೋಗಿದ್ರೆ ನನ್ ಹೆಬ್ಬೆಟ್ಟು ಯಾಕ್ ಬೇಕು ಬುದ್ಧಿ?"

ಸಾಹೇಬರು ಮತ್ತೆ ಲೋಟಕ್ಕೆ ಕೈ ಹಾಕಿದರು. ಹೆಡ್‌ಮಾಸ್ತರರು ಧಡಕ್ಕನೆದ್ದು ಅವಳ ಮಣಿಕಟ್ಟು ಹಿಡಿದೆಳೆದು, ಹೆಬ್ಬೆರಳನ್ನು ಪ್ಯಾಡಿಗೆ ಅದುಮಿದರು. ಅವಳು ಬಿಡಿಸಿಕೊಳ್ಳಲಿಲ್ಲ. ಐದೂ ಬೆರಳು ಬಿಚ್ಚಿ, ಅಂಗೈ ಪೂರಾ ಶಾಯಿಯಲ್ಲಿ ಅದ್ದಿಕೊಂಡಳು. ಆಮೇಲೆ ಕೈ ಕಿತ್ತುಕೊಂಡವಳೇ ಹಾಳೆಯ ಮೇಲೆ ಎಳೆದಳು, ಅಂಗಳ ಗುಡಿಸಿದ ಹಾಗೆ, ಈ ತುದಿಯಿಂದ ಆ ತುದಿಗೆ. ಒತ್ತಿದ್ದ ಹೆಬ್ಬೆಟ್ಟುಗಳು ಕಲಸಿ ನೀಲಿಯಾದವು.

"ಅಯ್ಯೋ ಲೌಡಿ!" ಹೆಡ್‌ಮಾಸ್ತರರು ಕೈಯೆತ್ತಿದರು.

ಆಗಲೇ ಹೆಬ್ಬೆಟ್ಟು ಒತ್ತಿ ಗೋಡೆಗೊರಗಿದ್ದ ಮೂಟೆ ಹೊರುವವನು ಅಡ್ಡ ಬಂದು ಆ ಕೈ ಹಿಡಿದುಕೊಂಡ. ಹಾಳೆಯತ್ತ ಬಗ್ಗಿ ನೋಡಿದ.

"ಅಕ್ಕಾ, ಮೇಲಿಂದ ಮೂರನೇದು ನಂದು, ಉಳ್ಕೊಂಬಿಟ್ಟಿದೆ. ಅದನ್ನೂ ಬಳಿ."