ಬೀಡಿ ಬಿಟ್ಟವನ ನೆನಪು

ಬೀಡಿ ಬಿಟ್ಟು ವಾರ ದಾಟುವಷ್ಟರಲ್ಲಿ ಲೈನ್‌ಮನ್ ಗುರುಮೂರ್ತಿಯ ತಲೆ ತೂತು ಮಡಕೆಯಾಗಿತ್ತು. ಚಹಾ ಕುಡಿದು ಮತ್ತೆ ಚಹಾ ಕೇಳುತ್ತಿದ್ದ, ಹೆಗಲ ಮೇಲೆ ಟವೆಲು ಹಾಕಿಕೊಂಡೇ ಟವೆಲು ಹುಡುಕುತ್ತಿದ್ದ. ಕೂಡ್ಲಿಗಿಯ ಡಾಕ್ಟರು ಮೊದಲೇ ಹೇಳಿದ್ದರು: "ಇಷ್ಟು ವರ್ಷ ನಿಕೋಟಿನ್ ನಿಮ್ಮ ಮೆದುಳನ್ನ ತಿವಿದು ತಿವಿದು ಎಬ್ಬಿಸ್ತಿತ್ರಿ. ಈಗ ಅದಿಲ್ಲ, ಸ್ವಲ್ಪ ದಿನ ಗಮನ ನಿಲ್ಲಂಗಿಲ್ಲ. ಗಮನ ಕೊಡದ್ದು ನೆನಪಿನಾಗ ಕುಂದ್ರಂಗಿಲ್ಲ. ಹೆದರಬ್ಯಾಡ್ರಿ, ಸರಿಹೋಗ್ತೈತಿ." ಹೆದರಬೇಡ ಎನ್ನಲು ಡಾಕ್ಟರೇನು ಕಂಬ ಹತ್ತುತ್ತಾರೆಯೇ?

ಕಂಬ ಹತ್ತುವವನು ಓಬಣ್ಣ. ಅಂದು ಕಾನಹೊಸಹಳ್ಳಿಯಾಚೆಯ ಹೊಲದಲ್ಲಿ ತಂತಿ ಜೋತುಬಿದ್ದಿತ್ತು. ಗುರುಮೂರ್ತಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ಸ್ವಿಚ್ ಎಳೆದು ಕರೆಂಟು ತೆಗೆಯಬೇಕು, ಬಂದು ಹೇಳಬೇಕು, ಆಮೇಲೆ ಓಬಣ್ಣ ಹತ್ತಬೇಕು. ಎಷ್ಟೋ ವರ್ಷಗಳ ಜೋಡಿ ಅವರದು.

"ಕರೆಂಟ್ ತಗದ್ಯೇನಲೇ ಗುರು?"

"ತಗದೀನಿ, ಹತ್ತು."

ರೂಢಿಯಂತೆ ಬಾಯಿ ಹೇಳಿಬಿಟ್ಟಿತು. ಓಬಣ್ಣ ಅರ್ಧ ಕಂಬ ಏರಿ ನಡುಪಟ್ಟಿ ಬಿಗಿಯುವಾಗ ಗುರುಮೂರ್ತಿಯ ಎದೆ ಧಸಕ್ಕೆಂದಿತು. ನಿಜಕ್ಕೂ ತೆಗೆದೆನೇ? ಟಿಸಿಯವರೆಗೆ ಹೋದದ್ದು ನೆನಪಿದೆ. ಅಲ್ಲಿ ಫೋನು ಬಂದದ್ದೂ ನೆನಪಿದೆ. ಆಮೇಲೆ? ಟಿಸಿ ಜಾಲಿಗಿಡಗಳ ಮರೆಯಲ್ಲಿತ್ತು, ಇಲ್ಲಿಂದ ಕಾಣುತ್ತಿರಲಿಲ್ಲ. ಕೂಗಿ ಇಳಿಸಿದರೆ ನಾಳೆ ಆಫೀಸಿನಲ್ಲೆಲ್ಲ ನಗೆಪಾಟಲು. ಹಾಳು ನಾಚಿಕೆ, ನಾಲಿಗೆ ಏಳಲಿಲ್ಲ.

ಓಬಣ್ಣನ ಅಂಗಿ ಬೈಕಿನ ಮೇಲಿತ್ತು, ಅದರ ಜೇಬಿನಲ್ಲಿ ಬೀಡಿ. ಒಂದೇ ದಮ್ಮು, ತಲೆ ತಿಳಿಯಾದರೆ ಸಾಕು. ತೆಗೆದು ಹಚ್ಚಿ ಎಳೆದ. ಹೊಗೆ ಒಳಗಿಳಿದದ್ದೇ ತಡ, ತಲೆ ತೊಳೆದಿಟ್ಟಂತಾಯಿತು. ಎಲ್ಲ ಕಂಡಿತು: ಸ್ವಿಚ್ಚಿನ ಹಿಡಿಕೆಯ ಮೇಲೆ ತನ್ನ ಕೈ, ಖಟ್ಟೆಂದು ಅದು ಕೆಳಗಿಳಿದ ಸದ್ದು, ತುಟಿಯಲ್ಲಿದ್ದ ಬೀಡಿಯ ಹೊಗೆ ತಾಗಿ ಕಣ್ಣುರಿ. ಅಬ್ಬಾ, ತೆಗೆದಿದ್ದೇನೆ! ಅಳು ಬರುವಷ್ಟು ಸಮಾಧಾನವಾಯಿತು.

ಮರುಕ್ಷಣ ಮೈ ತಣ್ಣಗಾಯಿತು. ತುಟಿಯಲ್ಲಿ ಬೀಡಿಯೇ? ಈಗ ಹಚ್ಚಿದ್ದು ಬಿಟ್ಟರೆ ವಾರದಿಂದ ಬೀಡಿ ಮುಟ್ಟಿಲ್ಲವಲ್ಲ! ಕಂಡ ನೆನಪು ಇವತ್ತಿನದಲ್ಲ, ಎಂದಿನದೋ.

"ಓಬಣ್ಣಾ! ತಂತಿ ಮುಟ್ಟಬ್ಯಾಡಲೇ! ಇಳಿ!"

"ಯಾಕಲೇ, ತಗದೀನಿ ಅಂದ್ಯಲ್ಲ?"

"ಗೊತ್ತಿಲ್ಲಲೇ! ನೆನಪಿಲ್ಲ ನನಗ! ಇಳಿ, ನಿನ್ನ ಕಾಲಿಗೆ ಬೀಳ್ತೀನಿ!"

ಓಬಣ್ಣ ಬೈಯುತ್ತಲೇ ಇಳಿದ. ಇಬ್ಬರೂ ಜಾಲಿಗಿಡ ದಾಟಿ ಹೋದರು. ಟಿಸಿ ಗುಂಯ್‌ಗುಡುತ್ತಿತ್ತು. ಸ್ವಿಚ್ಚಿನ ಹಿಡಿಕೆ ಮೇಲೆಯೇ ಇತ್ತು, ಇಳಿದಿರಲಿಲ್ಲ.

ಹೊಡೆದರೆ ಹೊಡೆಯಲಿ ಎಂದು ಗುರುಮೂರ್ತಿ ತಲೆ ತಗ್ಗಿಸಿ ನಿಂತ. ಓಬಣ್ಣ ಹೊಡೆಯಲಿಲ್ಲ. ಬಿಳಿಚಿದ ಮುಖದಲ್ಲೇ ಹಿಡಿಕೆಯತ್ತ ಬೆರಳು ತೋರಿಸಿದ.

"ಈಗ ತಗಿ," ಎಂದ. "ನನ್ನ ಕಣ್ಣ ಮುಂದ ತಗಿ."