ಅಡುಗೆಮನೆಯ ಕಡೆ ತಿರುಗಿಸಿದ ಮಾನಿಟರ್

ಮಾನಿಟರ್‌ನಲ್ಲಿ ಏನೂ ಕಾಣುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಹೇಳುವ ಮೊದಲ ಮಾತು ಒಂದೇ: ಆಫ್ ಮಾಡಿ ಆನ್ ಮಾಡಿ. ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ, ಈ ಮಾತು ಹೇಳಿ ಹೇಳಿ ನಾಲಿಗೆ ಸವೆದಿದೆ. ಹತ್ತರಲ್ಲಿ ಏಳು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಉಳಿದ ಮೂರರಲ್ಲಿ ಕೇಬಲ್ ಸಡಿಲವಾಗಿರುತ್ತದೆ, ಇಲ್ಲವೇ ಪುಣ್ಯಾತ್ಮರು ಸ್ವಿಚ್ಚನ್ನೇ ಹಾಕಿರುವುದಿಲ್ಲ. ಅಂಥವರಿಗೆ ಮುಖ ಮೋರೆ ನೋಡದೆ ಬೈಯುತ್ತೇನೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಬೀದಿಗೆಲ್ಲ ಗೊತ್ತು. ಆದರೂ ನನ್ನ ಅಂಗಡಿಗೇ ಬರುತ್ತಾರೆ, ಯಾಕೆಂದರೆ ಕೆಲಸ ಬಲ್ಲೆ.

ಬಲ್ಲೆ ಎಂಬ ಆ ಜಂಬದಲ್ಲೇ ನನ್ನ ತಮ್ಮನ ಮನೆಯಲ್ಲಿ ಎರಡು ಮಾನಿಟರ್ ಜೋಡಿಸಿ ಕೊಟ್ಟಿದ್ದೆ.

ತಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದವನು. ದಿನವಿಡೀ ಮಾತೇ ಅವನ ಕಸುಬು, ಮನೆಗೆ ಬಂದ ಮೇಲೂ ಬಾಯಿಗೆ ರಜೆ ಇರಲಿಲ್ಲ. ಚಿಕ್ಕಂದಿನಲ್ಲೇ ಅಪ್ಪ ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ನಿದ್ದೆಯಲ್ಲೂ ‘ಕ್ಲಚ್ ಒತ್ತಿ, ಕ್ಲಚ್’ ಎಂದು ಬಡಬಡಿಸುತ್ತಾರೆ ಎಂದು ಅವನ ಹೆಂಡತಿ, ನನ್ನ ನಾದಿನಿ, ಹೇಳಿಕೊಂಡು ನಗುತ್ತಿದ್ದಳು. ಹೋದ ವರ್ಷ ಅವನ ಗಂಟಲಲ್ಲಿ ಗಡ್ಡೆ ಎಂದರು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಮೇಲೆ ಅದು ಬೆನ್ನುಮೂಳೆಗೂ ಇಳಿದು, ಕಾಲಲ್ಲಿ ಬಲವಿಲ್ಲದೆ ನಡುಮನೆಯ ಮಂಚವೇ ಗತಿಯಾಯಿತು.

ಮೊದಮೊದಲು ಹಾಳೆಯಲ್ಲಿ ಬರೆದು ತೋರಿಸುತ್ತಿದ್ದ. ಒಲೆಯ ಮುಂದೆ ನಿಂತವಳಿಗೆ ಮಂಚ ಕಾಣುವುದಿಲ್ಲ, ನಡುವೆ ಗೋಡೆ. ಕರೆಯಲು ಇರಲೆಂದು ಒಂದು ಗಂಟೆ ಕೊಟ್ಟರೆ ‘ನಾನೇನು ಹಸುವಾ’ ಎಂದು ಬರೆದು ಅದನ್ನು ಕಿಟಕಿಯಾಚೆ ಎಸೆದ. ಆಗ ನನಗೆ ಉಪಾಯ ಹೊಳೆಯಿತು. ಅವನ ಮಂಚದ ಬಳಿ ಒಂದು ಪುಟ್ಟ ಮಾನಿಟರ್ ಇಟ್ಟು, ತೊಡೆಯ ಮೇಲೆ ವೈರಿಲ್ಲದ ಕೀಬೋರ್ಡ್ ಕೊಟ್ಟೆ. ಗೋಡೆಯುದ್ದಕ್ಕೂ ಕೇಬಲ್ ಎಳೆದು, ಅಡುಗೆಮನೆಯ ಬಾಗಿಲ ಪಕ್ಕದ ಶೆಲ್ಫಿನ ಮೇಲೆ ಇನ್ನೊಂದು ದೊಡ್ಡ ಮಾನಿಟರನ್ನು ಒಲೆಯ ಕಡೆ ತಿರುಗಿಸಿ ಇಟ್ಟೆ. ಕಂಪ್ಯೂಟರಿನ ಡಬ್ಬವೂ ಅದೇ ಶೆಲ್ಫಿನ ಕೆಳಗೆ. ನಾದಿನಿಗೆ ಬೇಕಾದೀತೆಂದು ಅಲ್ಲೊಂದು ಮೌಸ್ ಕೂಡ. ಇವನು ಇಲ್ಲಿ ಬರೆದದ್ದು ಅಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ಕಾಣುತ್ತಿತ್ತು.

ರೇಡಿಯೋ ಮತ್ತೆ ಶುರುವಾಯಿತು. ಏನೋ ಸುಡ್ತಿದೆ ನೋಡು. ಯಾರ ಫೋನು. ನಿಮ್ಮಪ್ಪ ಕಂಜೂಸ್. ಒಂದು ಬೆರಳಿನಲ್ಲಿ ಟಕಟಕ ಬರೆಯುತ್ತಲೇ ಇದ್ದ. ನಾದಿನಿ ಈಳಿಗೆಮಣೆಯ ಮುಂದೆ ಕೂತು ತಲೆಯೆತ್ತಿ ಓದಿ ಅಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ಅವರಿಬ್ಬರ ಜಗಳ ಕೇಳಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿ ತಲೆ ತಿಂದಿದ್ದೆ.

ಆದರೆ ಆ ಕೇಬಲ್ ಹೊಸದಲ್ಲ. ಅಷ್ಟುದ್ದದ್ದು ಆ ದಿನ ಕೈಗೆ ಸಿಗದೆ, ಅಂಗಡಿಯ ಹಳೆ ಸಾಮಾನಿನ ಡಬ್ಬದಿಂದ ತೆಗೆದು ಹಾಕಿದ್ದೆ. ಅದರ ತುದಿ ಸವೆದಿತ್ತು. ಒಂದು ಕ್ಷಣ ಬಿಟ್ಟು ಮತ್ತೆ ಹಿಡಿದರೆ ಸಾಕು, ಕಂಪ್ಯೂಟರ್ ದೊಡ್ಡ ಮಾನಿಟರನ್ನು ಈಗಷ್ಟೇ ಬಂದ ಹೊಸದು ಎಂದುಕೊಂಡು ಬೇರೆಯಾಗಿ ನಡೆಸತೊಡಗುತ್ತಿತ್ತು. ಆಗ ಇವನು ಬರೆದದ್ದು ಇವನ ಎದುರಿನ ಪುಟ್ಟ ಮಾನಿಟರಿನಲ್ಲಿ ಮಾತ್ರ ಕಾಣುತ್ತಿತ್ತು. ಅಡುಗೆಮನೆಯ ಕಡೆ ಬರೀ ಹಿನ್ನೆಲೆಯ ಚಿತ್ರ, ಅವನ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು. ಆ ಮಾನಿಟರಿನ ಮುಖ ಇವನಿಗೆ ಕಾಣುವುದಿಲ್ಲ, ಈ ಮಾನಿಟರಿನ ಮುಖ ಅವಳಿಗೆ ಕಾಣುವುದಿಲ್ಲ.

ಒಂದೇ ವಾರದಲ್ಲಿ ಎರಡು ಸಲ ಹೀಗಾಗಿತ್ತು. ಎರಡು ಸಲವೂ ಹೋಗಿ, ಎರಡು ಕೀ ಒಟ್ಟಿಗೆ ಒತ್ತಿ ಸರಿಮಾಡಿ ಬಂದಿದ್ದೆ. ಯಾವ ಕೀ ಎಂದು ಚೀಟಿ ಬರೆದು ಅಂಟಿಸುತ್ತೇನೆ ಎಂದವನು ಅಂಟಿಸಲಿಲ್ಲ. ಹೊಸ ಕೇಬಲ್ ತರಿಸಿದ್ದೆ, ಅದು ಅಂಗಡಿಯ ಮೊಳೆಯಲ್ಲಿ ನಾಲ್ಕು ದಿನದಿಂದ ನೇತಾಡುತ್ತಿತ್ತು. ಪುರುಸೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವನ ಮನೆ ಹತ್ತು ನಿಮಿಷದ ದಾರಿ. ಕೇಬಲ್ ಹಾಕಿದ ಮೇಲೆ ಅವನ ಎದುರು ಕೂರಬೇಕಾಗುತ್ತದಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಎತ್ತಿ ಆಡಿಸಿದ ಹುಡುಗ, ಕುತ್ತಿಗೆಯಲ್ಲಿ ತೂತು ಮಾಡಿಸಿಕೊಂಡು ಮಲಗಿದ್ದಾನೆ. ನೋಡಲು ಹೆದರಿಕೆಯಾಗುತ್ತಿತ್ತು.

ಮೂರನೆಯ ಸಲ ಫೋನ್ ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಎದುರಿಗೆ ಒಬ್ಬ ಮೇಷ್ಟ್ರು ಪ್ರಿಂಟರ್ ಬಿಚ್ಚಿಸಿಕೊಂಡು ಕೂತಿದ್ದರು. ಮತ್ತೆ ಕಾರಿನ ಚಿತ್ರವೇ ಬರುತ್ತಿದೆ, ಇವರು ಮಾತ್ರ ಟಕಟಕ ಬರೀತಾನೇ ಇದ್ದಾರೆ, ಒಲೆ ಮೇಲೆ ಹಾಲಿದೆ, ಏನು ಮಾಡಲಿ ಎಂದು ನಾದಿನಿ ಕೇಳಿದಳು. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಡಬ್ಬದ ಬಟನ್ ಒತ್ತಿ ಹಿಡಿ, ಆರಿದ ಮೇಲೆ ಮತ್ತೆ ಒತ್ತು. ಅವಳು ಒತ್ತಿದಳು. ಹೊತ್ತಿಕೊಳ್ಳುವವರೆಗೆ ನಾನು ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಪ್ರಿಂಟರಿನ ಸ್ಕ್ರೂ ಬಿಗಿಯುತ್ತಿದ್ದೆ.

"ಬಂತು ಭಾವ," ಎಂದಳು. "ಏನೋ ಕೇಳ್ತಿದೆ. ಸೇವ್ ಮಾಡದೇ ಇರೋ ಹಳೇದು ವಾಪಸ್ ಬೇಕಾ ಅಂತ."

"ಬೇಡ ಅನ್ನು," ಎಂದೆ.

ಅಷ್ಟೇ. ಪುಟ ಬೆಳ್ಳಗೆ ಬಂದಿದೆ ಎಂದಳು. ಈಗ ಬರೀರಿ, ಕಾಣ್ತಿದೆ ಎಂದು ಅವನಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು. ಫೋನಿಟ್ಟೆ.

ಅವನು ಮತ್ತೆ ಬರೆಯಲಿಲ್ಲ. ನಾದಿನಿ ಹಾಲು ಇಳಿಸಿ ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ನಡುಗುತ್ತಿದ್ದನಂತೆ. ಮೈ ಕೆಂಡ. ಆಸ್ಪತ್ರೆಗೆ ಸೇರಿಸಿದಳು. ನಾನು ಹೋಗುವಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು, ಮತ್ತೆ ಕಣ್ಣು ತೆರೆಯಲಿಲ್ಲ. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟ. ನಂಜು ಏರಿತ್ತು, ಒಂದೆರಡು ಗಂಟೆ ಮೊದಲು ತಂದಿದ್ದರೂ ಇಷ್ಟೇ ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದನ್ನು ನಾನು ನಂಬಿದ್ದೇನೆ. ನಂಬದಿದ್ದರೆ ಬದುಕುವುದು ಹೇಗೆ?

ಮೂರು ವಾರದ ಮೇಲೆ ನಾದಿನಿ ಆ ಡಬ್ಬವನ್ನು ಹಳೆ ಸೀರೆಯಲ್ಲಿ ಸುತ್ತಿ, ಎದೆಗವಚಿಕೊಂಡು ಅಂಗಡಿಗೆ ನಡೆದೇ ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಡಬ್ಬವನ್ನು ಮೇಜಿನ ಮೇಲಿಟ್ಟು ಕೂತಳು. ಆಮೇಲೆ ಹೇಳಿದಳು. ಆ ದಿನ ಬೆಳಿಗ್ಗೆ ಅವನು ಒಂದಾದ ಮೇಲೊಂದು ಏನೇನೋ ಬರೆದು ಕಾಡಿದ್ದನಂತೆ. ಕಿಟಕಿ ತೆಗಿ, ಕಿಟಕಿ ಹಾಕು, ದಿಂಬು ಸರಿಮಾಡು. ಇವಳಿಗೆ ಹಿಂದಿನ ರಾತ್ರಿಯ ನಿದ್ದೆಯಿಲ್ಲ, ರೇಗಿಬಿಟ್ಟಳಂತೆ.

"ಸ್ವಲ್ಪ ಹೊತ್ತು ಸುಮ್ನಿರ್ತೀರಾ ಅಂದ್ಬಿಟ್ಟೆ ಭಾವ. ಮಾತೇ ಹೋದೋರಿಗೆ ಹಾಗಂದೆ. ಆಮೇಲೆ ಅರ್ಧ ಗಂಟೆ ಏನೋ ಬರೆದ್ರು, ಟಕಟಕ ಕೇಳ್ತಿತ್ತು, ಮತ್ತೆ ದಿಂಬೋ ಕಿಟಕಿನೋ ಇರ್ಬೇಕು ಅಂತ ಎದ್ದು ಹೋಗ್ಲಿಲ್ಲ. ನನ್ನ ಮೇಲೆ ಸಿಟ್ಟು ಮಾಡ್ಕೊಂಡೇ ಹೋದ್ರಾ, ಅದೊಂದು ನಂಗೆ ಗೊತ್ತಾಗ್ಬೇಕು. ನೀವು ಹುಡುಕಿ ಕೊಡ್ತೀರಲ್ವಾ?"

ಅದನ್ನು ಅಳಿಸಿದ್ದು ನಾನೇ, ನನ್ನ ಬಾಯಿಂದಲೇ, ಎಂಬುದು ಅವಳಿಗೆ ತಿಳಿದೇ ಇರಲಿಲ್ಲ. ಎರಡು ದಿನ ಬಿಟ್ಟು ಬಾಮ್ಮ ಎಂದು ಕಳಿಸಿದೆ.

ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಬಂದವರಿಗೆಲ್ಲ ಇಲ್ಲ, ಆಗಲ್ಲ, ಹೋಗಿ ಎಂದೆ. ಬರೆಯುವ ಪುಟ ಎರಡೆರಡು ನಿಮಿಷಕ್ಕೆ ತನ್ನಷ್ಟಕ್ಕೆ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಬೇಡ ಅಂದರೆ ಅಳಿಸುತ್ತದೆ, ಆದರೆ ಆ ಜಾಗದಲ್ಲಿ ಹೊಸದೇನೂ ಬಂದು ಕೂರದಿದ್ದರೆ ಕೆದಕಿ ತೆಗೆಯಬಹುದು. ಆ ದಿನದಿಂದ ಕಂಪ್ಯೂಟರನ್ನು ಯಾರೂ ಹಚ್ಚಿರಲಿಲ್ಲ. ಮೊದಲ ದಿನ ಬರೀ ಕಸ ಬಂತು. ಎರಡನೆಯ ದಿನ ಮಧ್ಯಾಹ್ನ ಕೊನೆಯ ಪ್ರತಿ ಸಿಕ್ಕಿತು. ಓದಿದೆ. ಎದ್ದು ಹೋಗಿ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು ಮತ್ತೆ ಓದಿದೆ.

ಕೊನೆಯ ಸಾಲನ್ನು ಅಳಿಸಿಬಿಡೋಣ ಅನ್ನಿಸಿತು. ಅವಳು ಕೇಳಿದ್ದು ಉಳಿದ ಸಾಲುಗಳನ್ನು, ಈ ಒಂದು ಸಾಲು ನನ್ನದು. ಅಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಬೆರಳು ಕೀಯ ಮೇಲೇ ಇತ್ತು. ಒಂದು ಸಲ ಬೇಡ ಎಂದವನು ನಾನು, ಎರಡನೆಯ ಸಲ ಹೇಳಲು ಧೈರ್ಯ ಬರಲಿಲ್ಲ.

ಮಾರನೆಯ ದಿನ ನಾದಿನಿ ಬಂದಾಗ ಅವಳ ಮನೆಯಲ್ಲಿದ್ದಷ್ಟೇ ದೊಡ್ಡ ಅಕ್ಷರದಲ್ಲಿ, ಅಂಗಡಿಯ ದೊಡ್ಡ ಮಾನಿಟರಿನಲ್ಲಿ ತೋರಿಸಿದೆ.

ಚಳಿ
ಹೊದಿಕೆ ಹಾಕು
ಕಾಣಿಸ್ತಾ
ಕೋಪಾನಾ
ಬೆಳಿಗ್ಗೆ ನಂದೇ ತಪ್ಪು
ಇನ್ನು ಸುಮ್ನೆ ಇರ್ತೀನಿ
ಒಂದ್ಸಲ ಬಾ
ಅಣ್ಣನ್ನ ಕರಿ

ಅವಳು ಒಂದೊಂದೇ ಸಾಲು ಓದಿದಳು, ತುಟಿ ಅಲುಗುತ್ತಿತ್ತು. ಕೋಪ ಅವನಿಗಿರಲಿಲ್ಲ. ಉತ್ತರ ಬಾರದ್ದು ನೋಡಿ ಅವಳಿಗೇ ಕೋಪ ಬಂದಿದೆ ಅಂದುಕೊಂಡಿದ್ದ. ಗೋಡೆಯ ಆಚೆ ಅವಳು, ಈಚೆ ಇವನು, ನಡುವೆ ನಾನು ಹಾಕಿದ ಸವೆದ ಕೇಬಲ್. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಎಲ್ಲವನ್ನೂ ಹೇಳಿದೆ. ಕೇಬಲ್ ಹಳೆಯದು ಎಂದು ಗೊತ್ತಿತ್ತು, ಹೊಸದು ಇಲ್ಲೇ ನೇತಾಡುತ್ತಿತ್ತು, ಆಫ್ ಮಾಡಿಸಿದ್ದು ನಾನು, ವಾಪಸ್ ಬೇಕಾ ಎಂದು ಅದು ಕೇಳಿದಾಗ ಬೇಡ ಅನ್ನಿಸಿದ್ದೂ ನಾನು. ಅವಳು ಕೇಳಿಸಿಕೊಂಡಳೋ ಇಲ್ಲವೋ. ಕಣ್ಣು ಕೊನೆಯ ಸಾಲಿನ ಮೇಲೇ ಇತ್ತು.

"ಕರೆದೆನಲ್ಲ ಭಾವ," ಎಂದಳು. "ಇದನ್ನ ಓದೋಕೆ ಮೊದ್ಲೇ ನಿಮ್ಮನ್ನೇ ಕರೆದಿದ್ದೆ."

ಅದರಲ್ಲಿ ಆರೋಪವಿರಲಿಲ್ಲ. ಗಂಡ ಹೇಳಿದ ಕೊನೆಯ ಒಂದು ಕೆಲಸವನ್ನಾದರೂ ಮಾಡಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡದ್ದು ಅಷ್ಟೇ.

"ಹೌದಮ್ಮ, ನೀನು ಕರೆದೆ," ಎಂದೆ. "ನಾನೇ ಬರ್ಲಿಲ್ಲ."

ಆಫ್ ಮಾಡಬೇಡಿ, ಸ್ವಲ್ಪ ಹೊತ್ತು ಹೀಗೇ ಇರಲಿ ಎಂದಳು. ಎರಡು ಸಲ ಗಿರಾಕಿಗಳ ಫೋನ್ ಬಂತು, ಎತ್ತಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ಆ ಮಾನಿಟರಿನ ಎದುರು ನಾನೂ ಕೂತೆ.